ಅಮೆರಿಕದ ಹೈಸ್ಕೂಲಿನಿಂದ ಬ್ರಿಟನ್ ವಿಶ್ವವಿದ್ಯಾಲಯಕ್ಕೆ: ಹತ್ತನೆಯ ತರಗತಿಯಲ್ಲೇ ಶುರುವಾಗುವ ದಾರಿ

ಅಮೆರಿಕದಲ್ಲಿ ಓದುತ್ತಿರುವ ಮಕ್ಕಳು ಪದವಿಗಾಗಿ ಬ್ರಿಟನ್ ಕಡೆ ಮುಖ ಮಾಡುವುದು ಈಗ ಅಪರೂಪದ ಸಂಗತಿಯೇನಲ್ಲ. ಬ್ರಿಟನ್ನಿನ ಪದವಿ ಪ್ರವೇಶದ ಅರ್ಜಿಗಳನ್ನು ಒಂದೇ ಕಡೆ ಸ್ವೀಕರಿಸುವ ಯುಕಾಸ್ ಸಂಸ್ಥೆಯ ಲೆಕ್ಕದಂತೆ, 2025ರ ಜೂನ್ ಕೊನೆಯ ಹೊತ್ತಿಗೆ ಅಮೆರಿಕದಿಂದ 7,930 ಮಂದಿ ಅರ್ಜಿ ಹಾಕಿದ್ದರು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಇದು ಶೇ. 14ರಷ್ಟು ಏರಿಕೆ. ಅಮೆರಿಕದ ಖಾಸಗಿ ಕಾಲೇಜುಗಳ ಖರ್ಚು, ಪ್ರವೇಶದಲ್ಲಿನ ಅನಿಶ್ಚಿತತೆ ಮತ್ತು ವೀಸಾ ನೀತಿಯಲ್ಲಿ ಪದೇ ಪದೇ ಆಗುತ್ತಿರುವ ಬದಲಾವಣೆಗಳು ಅನೇಕ ಕುಟುಂಬಗಳನ್ನು ಅಟ್ಲಾಂಟಿಕ್‌ನ ಆಚೆ ದಡದತ್ತ ನೋಡುವಂತೆ ಮಾಡಿವೆ.

ಕರ್ನಾಟಕದ ಜೈನ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆ, ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿದ್ದಾರೆ. ಮೊಮ್ಮಕ್ಕಳು ಅಲ್ಲಿಯ ಹೈಸ್ಕೂಲಿನಲ್ಲಿದ್ದಾರೆ. ಅವರ ಕಾಲೇಜಿನ ಮಾತು ಬಂದಾಗ ಅಜ್ಜ-ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲರೂ ಅಭಿಪ್ರಾಯ ಹೇಳುತ್ತಾರೆ. ಕೆಲವೊಮ್ಮೆ ಹಣದ ಹೊರೆಯನ್ನೂ ಹಂಚಿಕೊಳ್ಳುತ್ತಾರೆ. ಹಾಗಾಗಿ ಈ ದಾರಿ ಹೇಗಿದೆ, ಯಾರಿಗೆ ಸರಿಹೋಗುತ್ತದೆ, ಎಲ್ಲಿ ಎಡವುವ ಸಾಧ್ಯತೆಯಿದೆ ಎಂಬುದು ಇಲ್ಲಿರುವವರಿಗೂ ತಿಳಿದಿದ್ದರೆ ಒಳ್ಳೆಯದು.

ಬಹಳಷ್ಟು ಕುಟುಂಬಗಳು ಬ್ರಿಟನ್ನನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡಿರುತ್ತವೆ. ‘ಅಮೆರಿಕದಲ್ಲಿ ಅಂದುಕೊಂಡ ಕಾಲೇಜು ಸಿಗದಿದ್ದರೆ ನೋಡೋಣ’ ಎಂಬ ಧೋರಣೆ ಅದು. ಆದರೆ ಬ್ರಿಟಿಷ್ ಪ್ರವೇಶ ಪದ್ಧತಿ ಇಂಥ ಕೊನೆ ಗಳಿಗೆಯ ಯೋಚನೆಗೆ ಹೊಂದುವಂಥದ್ದಲ್ಲ. ಹನ್ನೆರಡನೆಯ ತರಗತಿಯ ಅಕ್ಟೋಬರ್‌ನಲ್ಲಿ ತುಂಬುವ ಅರ್ಜಿಯ ಹಣೆಬರಹ ಬಹುಮಟ್ಟಿಗೆ ಹತ್ತು ಮತ್ತು ಹನ್ನೊಂದನೆಯ ತರಗತಿಯಲ್ಲಿ ಆರಿಸಿಕೊಂಡ ವಿಷಯಗಳಲ್ಲೇ ತೀರ್ಮಾನವಾಗಿರುತ್ತದೆ. ಅದರ ಜೊತೆಗೆ ಮಗುವಿನ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಖರ್ಚನ್ನೂ ಮುಂದಿನ ಬದುಕನ್ನೂ ಬದಲಿಸುತ್ತದೆ.

ಎರಡು ದೇಶ, ಎರಡು ಬಗೆಯ ಪ್ರಶ್ನೆ

ಅಮೆರಿಕದ ಕಾಲೇಜು ವಿದ್ಯಾರ್ಥಿಯನ್ನು ‘ನೀನು ಯಾರು?’ ಎಂದು ಕೇಳುತ್ತದೆ. ನಾಲ್ಕು ವರ್ಷದ ಅಂಕಪಟ್ಟಿ, ಪ್ರಬಂಧ, ಶಿಕ್ಷಕರ ಪತ್ರ, ಕ್ರೀಡೆ, ಸಂಗೀತ, ಸಮಾಜಸೇವೆ ಎಲ್ಲವನ್ನೂ ಕಲಸಿ ಒಟ್ಟು ವ್ಯಕ್ತಿತ್ವವನ್ನು ಅಳೆಯುತ್ತದೆ. ಯಾವ ವಿಷಯದಲ್ಲಿ ಪದವಿ ಎಂಬುದನ್ನು ಬಹುತೇಕ ಕಾಲೇಜುಗಳಲ್ಲಿ ಎರಡನೆಯ ವರ್ಷದ ಹೊತ್ತಿಗೆ ಹೇಳಿದರೂ ನಡೆಯುತ್ತದೆ.

ಬ್ರಿಟನ್ನಿನ ವಿಶ್ವವಿದ್ಯಾಲಯದ ಪ್ರಶ್ನೆ ‘ನೀನು ಏನು ಓದಬೇಕೆಂದಿದ್ದೀಯ, ಅದಕ್ಕೆ ತಯಾರಾಗಿದ್ದೀಯಾ?’ ಎಂಬುದು. ವಿದ್ಯಾರ್ಥಿ ಅರ್ಜಿ ಹಾಕುವುದು ವಿಶ್ವವಿದ್ಯಾಲಯಕ್ಕಿಂತ ಹೆಚ್ಚಾಗಿ ಅಲ್ಲಿನ ಒಂದು ನಿರ್ದಿಷ್ಟ ಕೋರ್ಸಿಗೆ. ಇಂಗ್ಲೆಂಡಿನಲ್ಲಿ ಹೆಚ್ಚಿನ ಪದವಿಗಳು ಮೂರು ವರ್ಷದವು, ಮೊದಲ ದಿನದಿಂದಲೇ ಆ ವಿಷಯದ ಪಾಠ. ಅರ್ಥಶಾಸ್ತ್ರಕ್ಕೆ ಸೇರಿ ಒಂದು ವರ್ಷದ ಬಳಿಕ ಜೀವಶಾಸ್ತ್ರಕ್ಕೆ ಬದಲಾಯಿಸುತ್ತೇನೆ ಎಂದರೆ ಸಾಮಾನ್ಯವಾಗಿ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಸ್ಕಾಟ್ಲೆಂಡ್ ಇದಕ್ಕೆ ಸ್ವಲ್ಪ ಭಿನ್ನ. ಎಡಿನ್‌ಬರ, ಗ್ಲಾಸ್ಗೋ, ಸೇಂಟ್ ಆಂಡ್ರೂಸ್‌ಗಳಲ್ಲಿ ಪದವಿ ನಾಲ್ಕು ವರ್ಷದ್ದು; ಮೊದಲ ಎರಡು ವರ್ಷ ಬೇರೆ ವಿಷಯಗಳನ್ನೂ ಜೊತೆಗೆ ಓದುವ ಅವಕಾಶ ಇದೆ. ಇನ್ನೂ ಪೂರ್ತಿ ಮನಸ್ಸು ಮಾಡದ ಮಕ್ಕಳಿಗೆ ಅದು ಹೆಚ್ಚು ಹೊಂದುತ್ತದೆ.

ಕರ್ನಾಟಕದಲ್ಲಿ ಓದಿದ ಪೋಷಕರಿಗೆ ಬ್ರಿಟಿಷ್ ಪದ್ಧತಿ ಬೇಗ ಅರ್ಥವಾಗುತ್ತದೆ. ಹತ್ತನೆಯ ತರಗತಿ ಮುಗಿದ ಕೂಡಲೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಆರಿಸಿಕೊಂಡು, ಪಿಯುಸಿ ವಿಷಯಗಳ ಮೇಲೆ ಮುಂದಿನ ಓದನ್ನು ಕಟ್ಟಿಕೊಂಡವರು ಅವರು. ಬ್ರಿಟನ್ನಿನ ಮಕ್ಕಳೂ ಹದಿನಾರರ ವಯಸ್ಸಿಗೆ ಮೂರು ಅಥವಾ ನಾಲ್ಕು ವಿಷಯಗಳನ್ನಷ್ಟೇ ಉಳಿಸಿಕೊಂಡು ಎ-ಲೆವೆಲ್ ಓದುತ್ತಾರೆ. ಕಷ್ಟವಾಗುವುದು ಅಮೆರಿಕದಲ್ಲಿ ಬೆಳೆದ ಮಗುವಿಗೆ. ಅದರ ಶಾಲೆ ‘ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡು, ಆಮೇಲೆ ಆರಿಸಿಕೊ’ ಎಂದು ಹೇಳಿಕೊಟ್ಟಿರುತ್ತದೆ. ಇಲ್ಲಿ ಅಪ್ಪ-ಅಮ್ಮ ತಮ್ಮ ಪಿಯುಸಿ ಅನುಭವದ ಬಲದಿಂದ ಮಗುವಿನ ಪರವಾಗಿ ವಿಷಯ ಆರಿಸಿಬಿಡುವ ಅಪಾಯವಿದೆ. ಮೂರು ವರ್ಷ ಒಂದೇ ವಿಷಯವನ್ನು ಓದಬೇಕಾದವರು ಮಕ್ಕಳು. ಆ ವಿಷಯದಲ್ಲಿ ಅವರಿಗೇ ಆಸಕ್ತಿ ಇಲ್ಲದಿದ್ದರೆ ಬದಲಾಯಿಸಿಕೊಳ್ಳುವ ಸಲೀಸು ಅಲ್ಲಿಲ್ಲ.

ಎಪಿ ಪರೀಕ್ಷೆಯ ತೂಕ

ಅಮೆರಿಕದ ಹೈಸ್ಕೂಲ್ ಡಿಪ್ಲೊಮಾ ಒಂದನ್ನೇ ಎ-ಲೆವೆಲ್‌ಗೆ ಸಮ ಎಂದು ಹೆಚ್ಚು ಬೇಡಿಕೆಯ ಬ್ರಿಟಿಷ್ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಜಿಪಿಎ 4.0 ಇದ್ದರೂ ಅದು ಸಾಕಾಗುವುದಿಲ್ಲ, ಏಕೆಂದರೆ ಶಾಲೆಯಿಂದ ಶಾಲೆಗೆ ಅಂಕ ಕೊಡುವ ಅಳತೆ ಬೇರೆ. ಅವರಿಗೆ ಬೇಕಿರುವುದು ಹೊರಗಿನ ಪರೀಕ್ಷಕರು ಅಳೆದ, ವಿಷಯವಾರು ಫಲಿತಾಂಶ. ಅಮೆರಿಕದಲ್ಲಿ ಆ ಕೆಲಸ ಮಾಡುವುದು ಕಾಲೇಜ್ ಬೋರ್ಡ್ ನಡೆಸುವ ಎಪಿ ಪರೀಕ್ಷೆ. ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವ ಈ ಪರೀಕ್ಷೆಗೆ 1ರಿಂದ 5ರವರೆಗೆ ಅಂಕ, 5 ಅತ್ಯುತ್ತಮ.

ಆಕ್ಸ್‌ಫರ್ಡ್ ಸಾಮಾನ್ಯವಾಗಿ ನಾಲ್ಕು ಎಪಿ ವಿಷಯಗಳಲ್ಲಿ 5 ಕೇಳುತ್ತದೆ. ಅಥವಾ ಮೂರು ಎಪಿಯಲ್ಲಿ 5ರ ಜೊತೆಗೆ ಎಸ್‌ಎಟಿ ಇಲ್ಲವೇ ಎಸಿಟಿಯಲ್ಲಿ ಮೇಲ್ಮಟ್ಟದ ಅಂಕ. ಕೇಂಬ್ರಿಜ್‌ನ ನಿರೀಕ್ಷೆ ಐದು ಎಪಿಗಳಲ್ಲಿ 5. ಕೋರ್ಸಿಗೆ ಬೇಕಾದ ವಿಷಯಗಳು ಆ ಪಟ್ಟಿಯಲ್ಲಿ ಇರಲೇಬೇಕು. ಎಂಜಿನಿಯರಿಂಗ್‌ಗೆ ಕ್ಯಾಲ್ಕುಲಸ್ ಬಿಸಿ ಮತ್ತು ಫಿಸಿಕ್ಸ್ ಸಿ, ಗಣಿತ ಹೆಚ್ಚಿರುವ ಅರ್ಥಶಾಸ್ತ್ರಕ್ಕೆ ಕ್ಯಾಲ್ಕುಲಸ್ ಬಿಸಿ, ವೈದ್ಯಕೀಯಕ್ಕೆ ರಸಾಯನಶಾಸ್ತ್ರ, ಹೀಗೆ. ಕ್ಯಾಲ್ಕುಲಸ್ ಎಬಿ ಮತ್ತು ಬಿಸಿ ಎರಡನ್ನೂ ಬರೆದರೂ ಸಾಮಾನ್ಯವಾಗಿ ಒಂದೇ ವಿಷಯವೆಂದು ಎಣಿಸುತ್ತಾರೆ. ಉಳಿದ ವಿಶ್ವವಿದ್ಯಾಲಯಗಳ ಬೇಡಿಕೆ ಇದಕ್ಕಿಂತ ಸಡಿಲ. ಮೂರು ಎಪಿಯಲ್ಲಿ 4 ಅಥವಾ 5 ಇದ್ದವರಿಗೆ ಒಳ್ಳೆಯ ಹೆಸರಿರುವ ಅನೇಕ ಕಡೆ ಬಾಗಿಲು ತೆರೆದಿರುತ್ತದೆ.

ಈ ದಾರಿಯಲ್ಲಿ ತಯಾರಿ ಬೇಗ ಶುರುವಾಗಬೇಕು ಎನ್ನುವುದು ಈ ಕಾರಣಕ್ಕೆ. ಕ್ಯಾಲ್ಕುಲಸ್ ಬಿಸಿಯನ್ನು ಹನ್ನೆರಡರೊಳಗೆ ಮುಗಿಸಬೇಕಾದರೆ ಒಂಬತ್ತು-ಹತ್ತನೆಯ ತರಗತಿಯಲ್ಲೇ ಗಣಿತದ ಸರಿಯಾದ ಮೆಟ್ಟಿಲ ಮೇಲೆ ಇರಬೇಕು. ಅರ್ಜಿ ಹಾಕುವ ಹೊತ್ತಿಗೆ ಎರಡು-ಮೂರು ಎಪಿಗಳ ಫಲಿತಾಂಶ ಕೈಯಲ್ಲಿದ್ದರೆ ವಿಶ್ವವಿದ್ಯಾಲಯಕ್ಕೆ ನಂಬಿಕೆ ಬರುತ್ತದೆ. ಎಲ್ಲವನ್ನೂ ಕೊನೆಯ ವರ್ಷಕ್ಕೆ ಉಳಿಸಿಕೊಂಡವರ ಬಗ್ಗೆ ಅದು ಊಹೆಯ ಮೇಲೆಯೇ ತೀರ್ಮಾನಿಸಬೇಕಾಗುತ್ತದೆ.

ಎಲ್ಲ ಶಾಲೆಗಳಲ್ಲೂ ಎಪಿ ತರಗತಿಗಳು ಸಾಕಷ್ಟಿರುವುದಿಲ್ಲ. ಕೆಲವು ಶಾಲೆಗಳು ಅದರ ಬದಲು ಸಮೀಪದ ಕಮ್ಯುನಿಟಿ ಕಾಲೇಜಿನ ಪಾಠಗಳಿಗೆ ಕಳಿಸುತ್ತವೆ. ಅಮೆರಿಕದಲ್ಲಿ ಈ ಕ್ರೆಡಿಟ್‌ಗಳಿಗೆ ಬೆಲೆಯಿದ್ದರೂ ಬ್ರಿಟನ್ನಿನಲ್ಲಿ ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ತರಗತಿಯಲ್ಲಿ ಕೂರದೆ ಸ್ವಂತವಾಗಿ ಓದಿ ಎಪಿ ಪರೀಕ್ಷೆ ಬರೆಯಲು ಅವಕಾಶವಿದೆ. ಆದರೆ ಪರೀಕ್ಷೆ ಬರೆಸುವ ಶಾಲೆಯನ್ನು ಮೊದಲೇ ಗೊತ್ತುಮಾಡಿಕೊಂಡು ಶರತ್ಕಾಲದಲ್ಲೇ ಹೆಸರು ನೋಂದಾಯಿಸಬೇಕು. ಶಾಲೆಯಲ್ಲಿ ಐಬಿ ಡಿಪ್ಲೊಮಾ ಇದ್ದರೆ ಇನ್ನೂ ಸುಲಭ, ಬ್ರಿಟನ್ನಿನ ಎಲ್ಲ ವಿಶ್ವವಿದ್ಯಾಲಯಗಳಿಗೂ ಅದು ಚಿರಪರಿಚಿತ. ಇದಾವುದೂ ಇಲ್ಲದವರಿಗೆ ಉಳಿಯುವುದು ಒಂದು ವರ್ಷದ ಫೌಂಡೇಶನ್ ಕೋರ್ಸ್. ಅದನ್ನು ಸೇರಿಸಿದರೆ ಮೂರು ವರ್ಷದ ಪದವಿ ನಾಲ್ಕಾಗುತ್ತದೆ, ಉಳಿತಾಯದ ಲೆಕ್ಕ ತಲೆಕೆಳಗಾಗುತ್ತದೆ.

ಅರ್ಜಿಯಲ್ಲಿ ಬದಲಾಗಿರುವುದು

ಯುಕಾಸ್ ಅರ್ಜಿ ಒಂದೇ. ಅದರಲ್ಲಿ ಐದು ಕೋರ್ಸುಗಳನ್ನು ಆರಿಸಬಹುದು. 2026ರ ಪ್ರವೇಶಕ್ಕೆ ಶುಲ್ಕ 28.95 ಪೌಂಡ್. ಪ್ರತಿ ಕಾಲೇಜಿಗೂ ಬೇರೆ ಬೇರೆ ಶುಲ್ಕ ಕಟ್ಟುವ ಅಮೆರಿಕದ ಪದ್ಧತಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಒಂದೇ ವರ್ಷ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡಕ್ಕೂ ಅರ್ಜಿ ಹಾಕುವಂತಿಲ್ಲ. ವೈದ್ಯಕೀಯಕ್ಕೆ ಐದರಲ್ಲಿ ನಾಲ್ಕನ್ನು ಮಾತ್ರ ಬಳಸಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಬಹುತೇಕ ವೈದ್ಯಕೀಯ, ದಂತವೈದ್ಯಕೀಯ ಕೋರ್ಸುಗಳಿಗೆ ಅಕ್ಟೋಬರ್ 15 ಕೊನೆಯ ದಿನ. ಉಳಿದವಕ್ಕೆ ಜನವರಿ ಮಧ್ಯಭಾಗ. 2026ರ ಪ್ರವೇಶಕ್ಕೆ ಅದು ಜನವರಿ 14 ಆಗಿತ್ತು. ಗಡುವು ಬ್ರಿಟನ್ನಿನ ಸಂಜೆ 6 ಗಂಟೆಗೆ, ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಅಂದಿನ ಬೆಳಗ್ಗೆ 10. ಸೇಂಟ್ ಆಂಡ್ರೂಸ್ ಸೇರಿ ಕೆಲವು ವಿಶ್ವವಿದ್ಯಾಲಯಗಳು ಅಮೆರಿಕದ ಕಾಮನ್ ಆ್ಯಪ್ ಮೂಲಕವೂ ಅರ್ಜಿ ಪಡೆಯುತ್ತವೆ.

2026ರ ಪ್ರವೇಶದಿಂದ ವೈಯಕ್ತಿಕ ಹೇಳಿಕೆಯ ಸ್ವರೂಪ ಬದಲಾಗಿದೆ. ಒಂದೇ ಉದ್ದನೆಯ ಪ್ರಬಂಧದ ಬದಲು ಈಗ ಮೂರು ಪ್ರಶ್ನೆಗಳು: ಈ ಕೋರ್ಸನ್ನೇ ಯಾಕೆ ಓದಬೇಕು? ಇದುವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ? ಶಾಲೆಯ ಹೊರಗೆ ಏನು ಮಾಡಿದ್ದೀರಿ, ಅದರಿಂದ ಏನು ಉಪಯೋಗ? ಮೂರೂ ಉತ್ತರ ಸೇರಿ 4,000 ಅಕ್ಷರಗಳ ಮಿತಿ, ಪ್ರತಿಯೊಂದಕ್ಕೂ ಕನಿಷ್ಠ 350 ಅಕ್ಷರ. ಐದೂ ಕೋರ್ಸುಗಳಿಗೆ ಹೋಗುವುದು ಇದೇ ಹೇಳಿಕೆ. ಎರಡರಲ್ಲಿ ಕಾನೂನು, ಮೂರರಲ್ಲಿ ಕಂಪ್ಯೂಟರ್ ವಿಜ್ಞಾನ ಎಂದು ಹಂಚಿಕೊಂಡರೆ ಹೇಳಿಕೆ ಯಾವುದಕ್ಕೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಕಾಮನ್ ಆ್ಯಪ್‌ಗೆ ಬರೆದ ಪ್ರಬಂಧವನ್ನೇ ಇಲ್ಲಿ ಅಂಟಿಸುವುದು ಅಮೆರಿಕದ ಮಕ್ಕಳು ಹೆಚ್ಚಾಗಿ ಮಾಡುವ ತಪ್ಪು. ಪರ್ಯೂಷಣದಲ್ಲಿ ಮಾಡಿದ ಉಪವಾಸ, ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಿದ್ದು, ಭರತನಾಟ್ಯದ ರಂಗಪ್ರವೇಶ, ಅಜ್ಜಿಯ ಜೊತೆ ಕಳೆದ ಬೇಸಿಗೆ ಇವೆಲ್ಲ ಅಮೆರಿಕದ ಪ್ರಬಂಧಕ್ಕೆ ಒಳ್ಳೆಯ ವಸ್ತು. ಬ್ರಿಟನ್ನಿನಲ್ಲಿ ಹೇಳಿಕೆಯನ್ನು ಓದುವವರು ಆಯಾ ವಿಷಯದ ಅಧ್ಯಾಪಕರಾಗಿರುವುದೂ ಉಂಟು. ಅವರಿಗೆ ಬೇಕಾದದ್ದು ವಿದ್ಯಾರ್ಥಿ ಪಠ್ಯದ ಆಚೆಗೆ ಏನು ಓದಿದ, ಅದರಲ್ಲಿ ಯಾವುದನ್ನು ಒಪ್ಪಿದ, ಯಾವುದನ್ನು ಪ್ರಶ್ನಿಸಿದ ಎಂಬುದು. ಧರ್ಮಶಾಸ್ತ್ರ ಅಥವಾ ತತ್ತ್ವಶಾಸ್ತ್ರ ಓದಲು ಹೊರಟ ಹುಡುಗಿ ಅನೇಕಾಂತವಾದದ ಬಗ್ಗೆ ತಾನು ಓದಿದ್ದನ್ನು ಬರೆದರೆ ಅದಕ್ಕೆ ಅಲ್ಲಿ ಜಾಗವಿದೆ. ಕೆಮಿಕಲ್ ಎಂಜಿನಿಯರಿಂಗ್ ಅರ್ಜಿಯಲ್ಲಿ ಅದೇ ಮಾತು ಮೂರನೆಯ ಉತ್ತರದ ಒಂದು ಸಾಲಿಗೆ ಸೀಮಿತವಾಗಬೇಕು.

ಶಾಲೆಯ ಕೌನ್ಸೆಲರ್ ಬರೆಯುವ ಶಿಫಾರಸಿನ ವಿಷಯವೂ ಹೀಗೆಯೇ. ಅಮೆರಿಕದ ಕೌನ್ಸೆಲರ್ ಸಹಜವಾಗಿ ವಿದ್ಯಾರ್ಥಿಯ ಸ್ವಭಾವ, ನಾಯಕತ್ವ, ಸ್ನೇಹಶೀಲತೆಯನ್ನು ಹೊಗಳುತ್ತಾರೆ. ಯುಕಾಸ್‌ಗೆ ಬೇಕಿರುವುದು ಆ ವಿಷಯದಲ್ಲಿ ಅವನ ಸಾಮರ್ಥ್ಯದ ಬಗ್ಗೆ ಮಾತು, ಜೊತೆಗೆ ಇನ್ನೂ ಬರೆಯದ ಎಪಿಗಳಲ್ಲಿ ಎಷ್ಟು ಬರಬಹುದು ಎಂಬ ಅಂದಾಜು ಅಂಕ. ಅಂದಾಜು ಅಂಕ ಕೊಡುವ ರೂಢಿ ಅಮೆರಿಕದ ಅನೇಕ ಶಾಲೆಗಳಲ್ಲಿ ಇಲ್ಲವೇ ಇಲ್ಲ. ನೂರಾರು ಮಕ್ಕಳ ಹೊಣೆ ಹೊತ್ತ ಸರ್ಕಾರಿ ಶಾಲೆಯ ಕೌನ್ಸೆಲರ್‌ಗೆ ಇದನ್ನು ಸೆಪ್ಟೆಂಬರ್ ಕೊನೆಯಲ್ಲಿ ಹೇಳಿದರೆ ಕೆಲಸ ಆಗುವುದಿಲ್ಲ. ಹನ್ನೊಂದನೆಯ ತರಗತಿ ಮುಗಿಯುವ ಮುನ್ನವೇ ಭೇಟಿಯಾಗಿ, ಯುಕಾಸ್‌ನ ಸೂಚನೆಗಳನ್ನು ಕೊಟ್ಟು, ವಿಷಯ ಶಿಕ್ಷಕರ ಮಾತನ್ನೂ ಸೇರಿಸುವಂತೆ ಕೇಳಿಕೊಳ್ಳುವುದು ಒಳ್ಳೆಯದು.

ಇವುಗಳ ಮೇಲೆ ಪ್ರವೇಶ ಪರೀಕ್ಷೆಗಳಿವೆ. ಕಾನೂನಿಗೆ ಹಲವು ಕಡೆ ಎಲ್‌ನ್ಯಾಟ್, ವೈದ್ಯಕೀಯಕ್ಕೆ ಯುಕ್ಯಾಟ್. ಕೇಂಬ್ರಿಜ್ ಮತ್ತು ಇಂಪೀರಿಯಲ್‌ನಲ್ಲಿ ಎಂಜಿನಿಯರಿಂಗ್, ವಿಜ್ಞಾನದ ಹಲವು ಕೋರ್ಸುಗಳಿಗೆ ಎಸ್ಯಾಟ್, ಗಣಿತ ಪ್ರಧಾನವಾದ ಕೆಲವಕ್ಕೆ ಟಿಎಂಯುಎ. ಇವುಗಳಿಗೆ ಪ್ರತ್ಯೇಕ ನೋಂದಣಿ, ಅದೂ ಯುಕಾಸ್ ಗಡುವಿಗಿಂತ ಮೊದಲೇ. ಅರ್ಜಿ ಅಚ್ಚುಕಟ್ಟಾಗಿದ್ದರೂ ಪರೀಕ್ಷೆಗೆ ಹೆಸರು ಕೊಡಲು ಮರೆತರೆ ಆ ವರ್ಷದ ಅವಕಾಶ ಕೈತಪ್ಪುತ್ತದೆ. ಆಕ್ಸ್‌ಫರ್ಡ್‌ನಲ್ಲಿ ವರ್ಷಕ್ಕೆ ಸುಮಾರು 23,000 ಅರ್ಜಿಗಳು, ಸ್ಥಾನಗಳು ಸುಮಾರು 3,300. ಆಯ್ದವರಿಗೆ ಡಿಸೆಂಬರ್‌ನಲ್ಲಿ ಆನ್‌ಲೈನ್ ಸಂದರ್ಶನ ನಡೆಯುತ್ತದೆ. ಅದರಲ್ಲಿ ಗೊತ್ತಿಲ್ಲದ ಸಮಸ್ಯೆಯೊಂದನ್ನು ಕೊಟ್ಟು, ವಿದ್ಯಾರ್ಥಿ ಹೇಗೆ ಯೋಚಿಸುತ್ತಾನೆ ಎಂದು ನೋಡುತ್ತಾರೆ.

ಮೇ 1 ಮತ್ತು ಜುಲೈ ನಡುವಿನ ಇಕ್ಕಟ್ಟು

ಎರಡೂ ದೇಶಗಳಿಗೆ ಅರ್ಜಿ ಹಾಕಿದ ಕುಟುಂಬಗಳಿಗೆ ನಿಜವಾದ ತಲೆನೋವು ಬರುವುದು ವಸಂತಕಾಲದಲ್ಲಿ. ಬ್ರಿಟನ್ನಿನಿಂದ ಬರುವ ಪ್ರವೇಶ ಪತ್ರ ಸಾಮಾನ್ಯವಾಗಿ ಷರತ್ತಿನದು: ‘ಮೇ ತಿಂಗಳ ಎಪಿಯಲ್ಲಿ ಇಂತಿಷ್ಟು 5 ಬಂದರೆ ಸೀಟು ನಿಮ್ಮದು.’ ಎಪಿ ಫಲಿತಾಂಶ ಜುಲೈ ಮೊದಲ ಭಾಗದಲ್ಲಿ ಬರುತ್ತದೆ. ಅಮೆರಿಕದ ಕಾಲೇಜುಗಳು ಮಾತ್ರ ಮೇ 1ರೊಳಗೆ ಠೇವಣಿ ಕಟ್ಟಿ ಒಪ್ಪಿಗೆ ತಿಳಿಸಲು ಹೇಳುತ್ತವೆ. ಎಪಿ ಪರೀಕ್ಷೆ ಶುರುವಾಗುವ ಹೊತ್ತಿಗೇ ಇಲ್ಲಿ ಆಯ್ಕೆ ಮುಗಿದಿರಬೇಕು.

ಹೀಗಾಗಿ ಕೆಲವರು ಅಮೆರಿಕದ ಕಾಲೇಜೊಂದಕ್ಕೆ ಠೇವಣಿ ಕಟ್ಟಿ, ಜುಲೈನಲ್ಲಿ ಅದನ್ನು ಬಿಟ್ಟು ಬ್ರಿಟನ್ನಿಗೆ ಹೊರಡುತ್ತಾರೆ. ಠೇವಣಿ ಮರಳಿ ಬರುವುದಿಲ್ಲ. ಇನ್ನು ಕೆಲವರು ಷರತ್ತಿನ ಸೀಟನ್ನೇ ನಂಬಿ ಅಮೆರಿಕವನ್ನು ಬಿಟ್ಟುಕೊಡುತ್ತಾರೆ. ಒಂದು ಎಪಿಯಲ್ಲಿ 5ರ ಬದಲು 4 ಬಂದರೆ ಆತಂಕಕ್ಕೆ ಬೀಳುತ್ತಾರೆ. ಯುಕಾಸ್‌ನಲ್ಲಿ ಒಂದನ್ನು ಖಚಿತ ಆಯ್ಕೆಯಾಗಿ, ಅದಕ್ಕಿಂತ ಕಡಿಮೆ ಅಂಕ ಕೇಳುವ ಇನ್ನೊಂದನ್ನು ಮೀಸಲು ಆಯ್ಕೆಯಾಗಿ ಇಟ್ಟುಕೊಳ್ಳಬಹುದು. ಎರಡಕ್ಕೂ ಒಂದೇ ಷರತ್ತಿದ್ದರೆ ಮೀಸಲು ಇದ್ದೂ ಇಲ್ಲದಂತೆ. ಎರಡೂ ತಪ್ಪಿದರೆ ಉಳಿದ ಸೀಟುಗಳಿಗಾಗಿ ಕ್ಲಿಯರಿಂಗ್ ವ್ಯವಸ್ಥೆ ಇದೆ. ಹನ್ನೊಂದನೆಯ ತರಗತಿಯಲ್ಲೇ ಬೇಕಾದ ಎಪಿಗಳನ್ನು ಮುಗಿಸಿದವರಿಗೆ ಷರತ್ತಿಲ್ಲದ ಸೀಟು ಸಿಗುವ ಸಾಧ್ಯತೆ ಇರುವುದರಿಂದ ಈ ಇಕ್ಕಟ್ಟಿನಿಂದ ಅವರು ಪಾರಾಗುತ್ತಾರೆ.

ಎಪಿ ಅಂಕಗಳು ತಾವಾಗಿಯೇ ಬ್ರಿಟನ್ನಿಗೆ ಹೋಗುವುದಿಲ್ಲ. ವಿದ್ಯಾರ್ಥಿಯೇ ಕಾಲೇಜ್ ಬೋರ್ಡ್ ಮೂಲಕ ಕಳುಹಿಸಬೇಕು. ಇದನ್ನು ಮರೆತು, ಸೀಟು ಖಚಿತವಾಗುವುದು ತಡವಾದರೆ ವೀಸಾ ಕೂಡ ತಡವಾಗುತ್ತದೆ. ಷರತ್ತು ಪೂರೈಸಿದ ಮೇಲಷ್ಟೇ ವೀಸಾಕ್ಕೆ ಬೇಕಾದ ದಾಖಲೆಯನ್ನು ವಿಶ್ವವಿದ್ಯಾಲಯ ಕೊಡುತ್ತದೆ. ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಆರಂಭದಲ್ಲಿ.

ಅಮೆರಿಕದಲ್ಲಿ ‘ಅರ್ಲಿ ಡಿಸಿಷನ್’ ಆರಿಸಿಕೊಂಡವರು ಇನ್ನೊಂದನ್ನು ನೆನಪಿಡಬೇಕು. ಅಲ್ಲಿ ಸೀಟು ಸಿಕ್ಕರೆ ಯುಕಾಸ್ ಅರ್ಜಿ ಸೇರಿ ಉಳಿದೆಲ್ಲವನ್ನೂ ಹಿಂತೆಗೆದುಕೊಳ್ಳುವುದಾಗಿ ಸಹಿ ಹಾಕಿರುತ್ತಾರೆ. ಹಾರ್ವರ್ಡ್‌ನಂಥ ಕಡೆಯ ಬಂಧನವಿಲ್ಲದ ‘ಅರ್ಲಿ ಆ್ಯಕ್ಷನ್’ ನಿಯಮ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವುದನ್ನು ತಡೆಯುವುದಿಲ್ಲ.

ಅಗ್ಗವೇ, ದುಬಾರಿಯೇ?

ಬ್ರಿಟನ್ ಅಗ್ಗ ಎಂಬ ಮಾತು ಅರ್ಧ ನಿಜ. ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ವಾರ್ಷಿಕ ಶುಲ್ಕದ ಮಿತಿ 2025-26ರಲ್ಲಿ 9,535 ಪೌಂಡ್. ಅಮೆರಿಕದಿಂದ ಹೋದವರಿಗೆ ಈ ಮಿತಿ ಇಲ್ಲ. ಅವರಿಗೆ ವಿಶ್ವವಿದ್ಯಾಲಯ ನಿಗದಿ ಮಾಡಿದ್ದೇ ಶುಲ್ಕ. ಬಹಳಷ್ಟು ಕಡೆ 25,000ದಿಂದ 40,000 ಪೌಂಡ್, ಹೆಸರುವಾಸಿ ಸಂಸ್ಥೆಗಳ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೋರ್ಸುಗಳಲ್ಲಿ ಅದಕ್ಕೂ ಮೇಲೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದೂ ಅಮೆರಿಕದಲ್ಲಿ ಬೆಳೆದ ಮಗುವಿಗೆ ಸ್ಥಳೀಯ ಶುಲ್ಕ ಸಿಗುವುದಿಲ್ಲ. ಕೋರ್ಸಿಗೆ ಮುಂಚಿನ ಮೂರು ವರ್ಷ ಬ್ರಿಟನ್ನಿನಲ್ಲಿ ವಾಸವಾಗಿರಬೇಕು ಎಂಬುದು ಸಾಮಾನ್ಯ ನಿಯಮ.

ಒಂದು ಉದಾಹರಣೆ ನೋಡಬಹುದು. ವರ್ಷಕ್ಕೆ ಶುಲ್ಕ 30,000 ಪೌಂಡ್, ವಸತಿ-ಊಟ-ಓಡಾಟಕ್ಕೆ 14,000 ಪೌಂಡ್ ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ 1,32,000 ಪೌಂಡ್. ಪೌಂಡಿಗೆ 1.3 ಡಾಲರ್ ಎಂದು ಹಿಡಿದರೆ ಸುಮಾರು 1,71,600 ಡಾಲರ್. ಅಮೆರಿಕದ ಕೆಲವು ಪ್ರಸಿದ್ಧ ಖಾಸಗಿ ಕಾಲೇಜುಗಳ ವಾರ್ಷಿಕ ಒಟ್ಟು ಖರ್ಚು 90,000 ಡಾಲರ್ ದಾಟಿದೆ. ಅಂದರೆ ನಾಲ್ಕು ವರ್ಷಕ್ಕೆ 3,60,000. ಅದರ ಮುಂದೆ ಬ್ರಿಟನ್ ಅರ್ಧ ಬೆಲೆ. ಆದರೆ ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಲ್ಲ ಸೇರಿ ಸರಾಸರಿ ಖರ್ಚು ವರ್ಷಕ್ಕೆ ಸುಮಾರು 30,000 ಡಾಲರ್ ಎಂದು ಕಾಲೇಜ್ ಬೋರ್ಡ್‌ನ 2024-25ರ ಲೆಕ್ಕ ಹೇಳುತ್ತದೆ. ನಾಲ್ಕು ವರ್ಷಕ್ಕೆ 1,20,000. ಅದರ ಮುಂದೆ ಬ್ರಿಟನ್ ದುಬಾರಿ.

ಸಹಾಯಧನವನ್ನೂ ತೂಗಬೇಕು. ಅಮೆರಿಕದ ಸಿರಿವಂತ ಕಾಲೇಜುಗಳು ಕುಟುಂಬದ ಆದಾಯ ನೋಡಿ ಶುಲ್ಕ ಇಳಿಸುತ್ತವೆ. 2025-26ರಿಂದ ಹಾರ್ವರ್ಡ್, ವರ್ಷಕ್ಕೆ 2,00,000 ಡಾಲರ್‌ವರೆಗೆ ಆದಾಯವಿರುವ ಕುಟುಂಬಗಳಿಗೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿದೆ. ಬ್ರಿಟನ್ನಿನಲ್ಲಿ ಹೊರದೇಶದ ಪದವಿ ವಿದ್ಯಾರ್ಥಿಗಳಿಗೆ ಇಂಥ ನೆರವು ತೀರಾ ಕಡಿಮೆ. ಹಾಗಾಗಿ ಹೋಲಿಸಬೇಕಾದದ್ದು ಪ್ರಕಟಿತ ಶುಲ್ಕಗಳನ್ನಲ್ಲ, ನೆರವು ಕಳೆದ ಮೇಲೆ ಮನೆಯಿಂದ ಹೋಗುವ ಹಣವನ್ನು. ಅಮೆರಿಕದ ಫೆಡರಲ್ ಸಾಲವನ್ನು ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಳಸಬಹುದು, ಪೆಲ್ ಗ್ರಾಂಟ್ ಬಳಸುವಂತಿಲ್ಲ. ಪೋಷಕರ ಹೆಸರಿನ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಹೊಸ ಮಿತಿ ಇದೆ: ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000 ಡಾಲರ್, ಒಟ್ಟು 65,000. ಮಕ್ಕಳ ಓದಿಗೆಂದು 529 ಖಾತೆಯಲ್ಲಿ ಕೂಡಿಟ್ಟ ಹಣವನ್ನು ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತೆ ಇರುವ ವಿದೇಶಿ ವಿಶ್ವವಿದ್ಯಾಲಯಗಳಿಗೂ ಕಟ್ಟಬಹುದು.

ವೀಸಾ ಖರ್ಚು ಬೇರೆ. 2025ರಲ್ಲಿ ವಿದ್ಯಾರ್ಥಿ ವೀಸಾ ಶುಲ್ಕ 524 ಪೌಂಡ್ ಇತ್ತು. ಅದರ ಮೇಲೆ ಸರ್ಕಾರಿ ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡ್‌ನಂತೆ ಪೂರ್ತಿ ಅವಧಿಯ ಹಣವನ್ನು ಮುಂಗಡವಾಗಿಯೇ ಕಟ್ಟಬೇಕು.

ಮಗುವಿನ ಪಾಸ್‌ಪೋರ್ಟ್ ಯಾವುದು?

ಅಮೆರಿಕದಲ್ಲಿರುವ ಭಾರತೀಯ ಕುಟುಂಬಗಳೆಲ್ಲ ಒಂದೇ ಸ್ಥಿತಿಯಲ್ಲಿಲ್ಲ. ಒಂದೇ ಬೀದಿಯ ಮೂರು ಮನೆಗಳ ಮಕ್ಕಳು ಒಂದೇ ಶಾಲೆಯಲ್ಲಿ, ಒಂದೇ ಅಂಕ ಪಡೆದಿದ್ದರೂ ಈ ತೀರ್ಮಾನ ಮೂವರಿಗೆ ಮೂರು ಬಗೆ.

ಅಮೆರಿಕದಲ್ಲೇ ಹುಟ್ಟಿದ, ಆ ದೇಶದ ಪೌರತ್ವವಿರುವ ಮಗುವಿಗೆ ದಾರಿ ಸಲೀಸು. ಬ್ರಿಟನ್ ವೀಸಾಕ್ಕೆ ಅಮೆರಿಕದಿಂದಲೇ ಅರ್ಜಿ ಹಾಕುವಾಗ ಅವರು ಬ್ಯಾಂಕ್ ದಾಖಲೆಗಳನ್ನು ಮೊದಲೇ ಸಲ್ಲಿಸಬೇಕಿಲ್ಲ, ಕೇಳಿದರೆ ತೋರಿಸಲು ಸಿದ್ಧವಿದ್ದರೆ ಸಾಕು. ಓದು ಮುಗಿಸಿ ಯಾವಾಗ ಬೇಕಾದರೂ ಅಮೆರಿಕಕ್ಕೆ ಮರಳಬಹುದು.

ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಹೊಂದಿರುವವರಿಗೆ ಅಪಾಯ ಕಣ್ಣಿಗೆ ಬೀಳದಂತಿದೆ. ಗ್ರೀನ್ ಕಾರ್ಡ್ ಅಮೆರಿಕದಲ್ಲಿ ಕಾಯಂ ವಾಸಿಸುವವರಿಗೆ ಕೊಟ್ಟದ್ದು. ವರ್ಷಗಟ್ಟಲೆ ಹೊರಗಿದ್ದರೆ ಆ ವಾಸವನ್ನು ಬಿಟ್ಟುಕೊಟ್ಟಂತೆ ಎಂದು ಅಧಿಕಾರಿಗಳು ಪರಿಗಣಿಸಬಹುದು. ಹೊರಡುವ ಮುನ್ನ ಅಮೆರಿಕದಲ್ಲಿದ್ದಾಗಲೇ ಅರ್ಜಿ ಹಾಕಿ ಪಡೆಯುವ ಮರುಪ್ರವೇಶ ಪರವಾನಗಿ ಗರಿಷ್ಠ ಎರಡು ವರ್ಷಕ್ಕೆ ಮಾತ್ರ. ಪದವಿ ಮೂರು ವರ್ಷದ್ದು. ಪೌರತ್ವಕ್ಕೆ ಬೇಕಾದ ನಿರಂತರ ವಾಸದ ಎಣಿಕೆಗೂ ಇದು ತೊಡಕು. ಮಗುವಿಗೆ 18 ತುಂಬುವ ಮೊದಲೇ ತಂದೆ ಅಥವಾ ತಾಯಿ ಪೌರತ್ವ ಪಡೆದರೆ, ಜೊತೆಯಲ್ಲಿರುವ ಗ್ರೀನ್ ಕಾರ್ಡ್ ಮಗುವಿಗೂ ಅದು ತಾನಾಗಿ ಬರುತ್ತದೆ. ಅರ್ಹತೆ ಇದ್ದೂ ಪೌರತ್ವದ ಅರ್ಜಿಯನ್ನು ಮುಂದೂಡುತ್ತ ಬಂದ ಪೋಷಕರು ಈ ಕಾರಣಕ್ಕಾದರೂ ದಿನಾಂಕಗಳನ್ನು ನೋಡಿಕೊಳ್ಳಬೇಕು.

ಎಚ್-4 ವೀಸಾದಲ್ಲಿರುವ ಮಕ್ಕಳದ್ದು ಮೂರನೆಯ ಸ್ಥಿತಿ. ಅವರಿಗೆ ಅಮೆರಿಕದ ಫೆಡರಲ್ ಸಾಲ ಇಲ್ಲ. 21 ತುಂಬಿದಾಗ ಎಚ್-4 ಕೊನೆಗೊಳ್ಳುತ್ತದೆ. ಗ್ರೀನ್ ಕಾರ್ಡ್ ಸರದಿ ಭಾರತೀಯರಿಗೆ ಬಹಳ ಉದ್ದವಾಗಿರುವುದರಿಂದ ಕಾಲೇಜಿನ ನಡುವೆಯೇ ವಿದೇಶಿ ವಿದ್ಯಾರ್ಥಿಯ ಎಫ್-1 ವೀಸಾಕ್ಕೆ ಬದಲಾಗಬೇಕಾದವರು ಅನೇಕರು. ಇವರಿಗೆ ಬ್ರಿಟನ್ ಹೆಚ್ಚು ಆಕರ್ಷಕವಾಗಿ ಕಾಣುವುದು ಸಹಜ, ಏಕೆಂದರೆ ಅಮೆರಿಕದಲ್ಲಿದ್ದರೂ ಅವರು ಹೊರಗಿನವರೇ. ಆದರೆ ಭಾರತದ ಪಾಸ್‌ಪೋರ್ಟ್ ಇರುವುದರಿಂದ ಬ್ರಿಟನ್ ವೀಸಾಕ್ಕೆ ಹಣದ ದಾಖಲೆ ಕಡ್ಡಾಯ: ಮೊದಲ ವರ್ಷದ ಶುಲ್ಕದ ಬಾಕಿ, ಮತ್ತು 2025ರ ನವೆಂಬರ್‌ನಿಂದ ಜಾರಿಗೆ ಬಂದ ದರದಂತೆ ಲಂಡನ್ನಿನಲ್ಲಿ ತಿಂಗಳಿಗೆ 1,529, ಹೊರಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳ ಖರ್ಚು. ಆ ಹಣ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಊರಿನಿಂದ ನೆರವು ಕಳಿಸುವ ಕುಟುಂಬಗಳು ಈ 28 ದಿನದ ನಿಯಮವನ್ನು ಮುಂಚಿತವಾಗಿ ಲೆಕ್ಕ ಹಾಕಬೇಕು. ಪದವಿಯ ನಂತರ ಅಮೆರಿಕಕ್ಕೆ ಮರಳುವುದೂ ಇವರಿಗೆ ಸುಲಭವಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ ಆದೇಶವನ್ನು ಒಂದು ವರ್ಷದ ಅವಧಿಗೆ ಹೊರಡಿಸಲಾಯಿತು.

ಪದವಿಯ ನಂತರ

ಬ್ರಿಟನ್ನಿನಲ್ಲಿ ಪದವಿ ಮುಗಿಸಿದವರು ಉದ್ಯೋಗದಾತರ ಪ್ರಾಯೋಜನೆ ಇಲ್ಲದೆ ಎರಡು ವರ್ಷ ಕೆಲಸ ಮಾಡಬಹುದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಈ ಅವಧಿ 18 ತಿಂಗಳಿಗೆ ಇಳಿಯುತ್ತದೆ. ಈಗ ಸೇರುವವರಿಗೆಲ್ಲ ಹೊಸ ನಿಯಮವೇ ಅನ್ವಯ. ಆಮೇಲೆ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ಅದರ ಸಾಮಾನ್ಯ ಸಂಬಳದ ಮಿತಿ 2025ರ ಜುಲೈನಿಂದ 41,700 ಪೌಂಡ್. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ. ಕಾಯಂ ನೆಲೆಸುವ ಹಕ್ಕಿಗೆ ಕಾಯುವ ಅವಧಿಯನ್ನು 5ರಿಂದ 10 ವರ್ಷಕ್ಕೆ ಏರಿಸುವ ಪ್ರಸ್ತಾವವನ್ನೂ ಬ್ರಿಟನ್ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು.

ವೃತ್ತಿಪರ ಕೋರ್ಸುಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹದಿನೆಂಟಕ್ಕೇ ವೈದ್ಯಕೀಯ ಸೇರಿ ಐದಾರು ವರ್ಷದಲ್ಲಿ ವೈದ್ಯರಾಗಬಹುದು ಎಂಬುದು ಭಾರತೀಯ ಪೋಷಕರನ್ನು ತಟ್ಟನೆ ಸೆಳೆಯುತ್ತದೆ. ಅಮೆರಿಕದಲ್ಲಾದರೆ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಓದು. ಆದರೆ ಇಂಗ್ಲೆಂಡಿನ ವೈದ್ಯಕೀಯ ಸೀಟುಗಳಲ್ಲಿ ಹೊರದೇಶದವರಿಗೆ ಇರುವುದು ಸುಮಾರು ಶೇ. 7.5 ಮಾತ್ರ. ಅಮೆರಿಕಕ್ಕೆ ಮರಳಿದರೆ ವಿದೇಶಿ ಪದವೀಧರರ ಸಾಲಿನಲ್ಲಿ ನಿಂತು ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ ಸ್ಪರ್ಧಿಸಬೇಕು. ಕಾನೂನು ಪದವಿಯೂ ಹಾಗೆಯೇ. ನ್ಯೂಯಾರ್ಕ್‌ನಂಥ ಕೆಲವೇ ರಾಜ್ಯಗಳು ಬ್ರಿಟಿಷ್ ಕಾನೂನು ಪದವೀಧರರಿಗೆ ನೇರವಾಗಿ ಬಾರ್ ಪರೀಕ್ಷೆ ಬರೆಯುವ ದಾರಿ ಕೊಡುತ್ತವೆ. ಅರ್ಥಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ, ಇತಿಹಾಸದಂಥ ವಿಷಯಗಳಲ್ಲಿ ಈ ತೊಡಕಿಲ್ಲ.

ಊಟದ ವಿಷಯ ಚಿಕ್ಕದಾದರೂ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ. ಸಸ್ಯಾಹಾರ ಬ್ರಿಟನ್ನಿನಲ್ಲಿ ಎಲ್ಲೆಡೆ ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ-ಗೆಣಸು ಬಿಟ್ಟವರಿಗೆ ಹಾಸ್ಟೆಲ್ ಮೆಸ್ ಸಾಕಾಗುವುದಿಲ್ಲ. ವಸತಿಯ ಅರ್ಜಿ ತುಂಬುವಾಗಲೇ ಸ್ವಂತ ಅಡುಗೆಗೆ ಅವಕಾಶವಿರುವ ಕೋಣೆ ಕೇಳಿದರೆ ಈ ಚಿಂತೆ ತಪ್ಪುತ್ತದೆ. ಲೆಸ್ಟರ್‌ನಲ್ಲೂ ಲಂಡನ್ ಸುತ್ತಮುತ್ತಲೂ ಜಿನಾಲಯಗಳಿವೆ, ಜೈನ ಕುಟುಂಬಗಳೂ ಸಾಕಷ್ಟಿವೆ.

ಒಟ್ಟಾರೆ ನೋಡಿದರೆ, ಓದಬೇಕಾದ ವಿಷಯ ಹದಿನೇಳಕ್ಕೇ ಸ್ಪಷ್ಟವಾಗಿರುವ, ಪರೀಕ್ಷೆಯಲ್ಲಿ ಗಟ್ಟಿಯಾಗಿರುವ, ಅಮೆರಿಕದ ಪೌರತ್ವವಿರುವ, ಮತ್ತು ಸಹಾಯಧನ ಸಿಗದಷ್ಟು ಆದಾಯವಿರುವ ಕುಟುಂಬದ ಮಗುವಿಗೆ ಬ್ರಿಟನ್ ಒಳ್ಳೆಯ ಆಯ್ಕೆ. ಇವುಗಳಲ್ಲಿ ಒಂದೆರಡು ಇಲ್ಲದಿದ್ದರೂ ದಾರಿ ಮುಚ್ಚಿಲ್ಲ, ಲೆಕ್ಕ ಮಾತ್ರ ಬಿಗಿಯಾಗುತ್ತದೆ. ಒಂಬತ್ತು ಅಥವಾ ಹತ್ತನೆಯ ತರಗತಿಯಲ್ಲಿರುವ ಮಕ್ಕಳ ಮನೆಯಲ್ಲಿ ಈ ವರ್ಷ ಮಾಡಬೇಕಾದ ಕೆಲಸ ಎರಡೇ: ಮಗುವಿಗೆ ಆಸಕ್ತಿಯಿರುವ ಎರಡು-ಮೂರು ಕೋರ್ಸುಗಳು ಕೇಳುವ ಎಪಿ ವಿಷಯಗಳನ್ನು ವಿಶ್ವವಿದ್ಯಾಲಯಗಳ ಸ್ವಂತ ಪುಟಗಳಲ್ಲೇ ನೋಡಿ ಪಟ್ಟಿ ಮಾಡುವುದು, ಮತ್ತು ಮುಂದಿನ ವರ್ಷದ ತರಗತಿಗಳನ್ನು ಆರಿಸುವ ಮುನ್ನ ಆ ಪಟ್ಟಿಯನ್ನು ಶಾಲೆಯ ಕೌನ್ಸೆಲರ್ ಮುಂದಿಡುವುದು. ಶುಲ್ಕ, ವೀಸಾ ದರ ಮತ್ತು ಗಡುವುಗಳು ವರ್ಷವರ್ಷಕ್ಕೂ ಬದಲಾಗುವುದರಿಂದ, ಅರ್ಜಿ ಹಾಕುವ ವರ್ಷದ ಬೇಸಿಗೆಯಲ್ಲಿ ಅವನ್ನು ಇನ್ನೊಮ್ಮೆ ಪರಿಶೀಲಿಸಿಕೊಳ್ಳಬೇಕು.